ಯಾರೂ ಹೆಸರು ಹೇಳದವಳು

ಹೋದ ವಾರ ಧಾರವಾಡದಿಂದ ಬರುವ ಬಸ್ಸಿನಲ್ಲಿ, ಪಕ್ಕದ ಸೀಟಿನ ಹುಡುಗಿ ಓದುತ್ತಿದ್ದ ಪುಸ್ತಕವನ್ನು ಪಟ್ಟನೆ ಮುಚ್ಚಿ, "ಮಮ್ಮೀ, ಕಳ್ಳ ಯಾರಂತ ನನಗ ಗೊತ್ತಾತು!" ಎಂದು ಕೂಗಿದಳು. ಅವಳ ತಾಯಿ ಫೋನಿನಿಂದ ತಲೆ ಎತ್ತಲಿಲ್ಲ. "ಯಾರು?"

"ಹಾಲಿನಾಂವ."

ನಾನು ವಾರೆಗಣ್ಣಿನಿಂದ ಮುಖಪುಟ ನೋಡಿದೆ. ಬಿಗಿಯಾಗಿ ಹೆಣೆದ ಎರಡು ಜಡೆ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಅರ್ಧ ತಿಂದ ಪೇರಲ ಹಣ್ಣು. 'ತಂಗೆವ್ವನ ತನಿಖೆ', ಮೂರನೆಯ ಪುಸ್ತಕ. ಹಾಲಿನವನು ಕಳ್ಳನಲ್ಲ ಎಂದು ನನಗೆ ಗೊತ್ತಿತ್ತು. ಯಾಕಲ್ಲ ಎಂಬುದೂ ಗೊತ್ತಿತ್ತು. ಅವಳು ಅವನ ಹೆಸರು ಹೇಳಿದಳಲ್ಲ, ಅದೇ ಕಾರಣ. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಆ ಹುಡುಗಿ ಜಗಳಕ್ಕೆ ನಿಲ್ಲುತ್ತಿದ್ದಳು. ಅವಳ ವಯಸ್ಸಿನಲ್ಲಿ ನಾನಾದರೂ ನಿಲ್ಲುತ್ತಿದ್ದೆ. ಸುಮ್ಮನೆ ಕಿಟಕಿಯ ಕಡೆ ತಿರುಗಿದೆ. ಇಳಿಯಬೇಕಾದ ಬೈರಿದೇವರಕೊಪ್ಪ ಹಿಂದೆ ಹೋಯಿತು. ಉಣಕಲ್ಲಿನಲ್ಲಿ ಇಳಿದು, ಜಿಟಿಜಿಟಿ ಮಳೆಯಲ್ಲಿ ವಾಪಸು ನಡೆಯುತ್ತ ಬಂದೆ. ಮಳೆ ಬಂದರೆ ಹಳೆಯದು ನೆನಪಾಗುತ್ತದೆ ಎನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಮಳೆಗೂ ನೆನಪಿಗೂ ಏನು ಸಂಬಂಧ, ಸಾಬೀತು ಮಾಡಿ ತೋರಿಸಿ ಎನ್ನುವ ಪೈಕಿ. ಆದರೆ ನೆನಪಾದದ್ದು ಮಳೆಗಾಲವೇ. ಮೂರು ವರ್ಷದ ಹಿಂದಿನದು. ಅಕ್ಕೋರು ಆಗ ಇನ್ನೂ ಇದ್ದರು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ತಂಗೆವ್ವನನ್ನು ಬರೆದ ಹಸೀನಾ ಅಕ್ಕೋರು ಹತ್ತಿರದ ಸುಳ್ಳ ಎಂಬ ಹಳ್ಳಿಯ ಕನ್ನಡ ಸಾಲಿಯಲ್ಲಿ ಬಹಳ ವರ್ಷ ಇದ್ದು, ನಿವೃತ್ತರಾಗಿ ನಮ್ಮ ಓಣಿಯಲ್ಲಿ ಮಗನ ಮನೆಯಲ್ಲಿದ್ದರು. ಮುಂದೆ ಮಗ ರಫೀಕ್ ಚಾಚಾನ ಬೈಕ್ ಗ್ಯಾರೇಜು, ಹಿಂದೆ ಮನೆ. ನಡುವಿನ ಸಂದಿಯಲ್ಲಿ ಸದಾ ಎಂಜಿನ್ ಆಯಿಲ್ಲು, ಒದ್ದೆ ಗೋಣಿಚೀಲ. ಎದುರು ಸಾಲಿನಲ್ಲಿ ನಮ್ಮ ಮನೆ. ಅಪ್ಪನದು ಕಾಳುಕಡಿ ವ್ಯಾಪಾರ. ನನ್ನ ಚಿಕ್ಕಂದಿನಲ್ಲಿ ಅಪ್ಪ ಅಂಗಡಿಯಿಂದ ಬರುವಾಗ ನನಗೆ ತಿನ್ನಲು ಏನಾದರೂ ತರುತ್ತಿದ್ದರು, ಅಕ್ಕೋರು ಓದಲು ಕೊಡುತ್ತಿದ್ದರು. ಹತ್ತು ವರ್ಷದ ಪತ್ತೇದಾರಿಣಿ ತಂಗೆವ್ವ ಮದುಮಗಳ ಚಪ್ಪಲಿ ಹುಡುಕಿದ್ದು, ಪಂಚಾಯ್ತಿ ಟಿವಿ ಹುಡುಕಿದ್ದು, ಮುಲ್ಲಾನ ಹುಂಜ ಹುಡುಕಿದ್ದು ಎಲ್ಲವೂ ನನಗೆ ಬಾಯಿಪಾಠ. "ಕಂಡಿದ್ದು ಮೊದ್ಲ ಹೇಳು, ಅನಸಿದ್ದು ಆಮ್ಯಾಲ" ಎಂದು ಅವಳು ಸಾಕ್ಷಿಗಳನ್ನು ಗದರಿಸುತ್ತಿದ್ದಳು. ನಾನು ಡಿಬೇಟ್ ಮಾಡಲು ಕಲಿತದ್ದು ಆ ಗದರಿಕೆಯಿಂದ. ಕಾಲೇಜಿನಲ್ಲಿ ಎದುರು ಪಾಳಿಯವರು 'ನಮ್ಮ ಸಂಸ್ಕೃತಿಯಲ್ಲಿ' ಎಂದು ಶುರುಮಾಡಿದರೆ ಸಾಕು, ಕಂಡಿದ್ದೆಷ್ಟು, ಅನಿಸಿದ್ದೆಷ್ಟು ಎಂದು ಬಿಡಿಸಿ ಇಡುತ್ತಿದ್ದೆ. ಬಹುಮಾನದ ಕಪ್ಪುಗಳು ಬಂದವು, ಗೆಳತಿಯರು ಕಡಿಮೆಯಾದರು.

ಆ ವರ್ಷ ನಾನು ಕಾನೂನು ಓದುತ್ತಿದ್ದೆ. ಅಕ್ಕೋರಿಗೆ ಮರೆವು ಶುರುವಾಗಿತ್ತು. ಎಂಟನೆಯ ಪುಸ್ತಕ ಮುಕ್ಕಾಲು ಆಗಿ ನಿಂತಿತ್ತು. ಧಾರವಾಡದ ಪ್ರಕಾಶಕರು ಕಾಯುತ್ತಿದ್ದರು. ಮುಂಗಾರು ಹಿಡಿದ ಹೊತ್ತಿಗೆ ರಫೀಕ್ ಚಾಚಾ ಕೈಗೆ ಹತ್ತಿದ ಗ್ರೀಸನ್ನು ಅರಿವೆಗೆ ಒರೆಸಿಕೊಳ್ಳುತ್ತ ನಮ್ಮ ಕಟ್ಟೆಗೆ ಬಂದರು.

"ವಿದ್ಯಾ, ಅಮ್ಮ ಹೇಳ್ತಾರ, ನೀ ಬರಕೋ. ನಿನಗ ಬರಿಯಾಕೂ ಬರತೈತಿ, ವಾದ ಮಾಡಾಕೂ ಬರತೈತಿ. ಅವರ ಮುಂದ ಎರಡೂ ಬೇಕಾಗ್ತಾವು."

ನಾನು ಖುಷಿಯಿಂದ ಹೋದೆ. ತಂಗೆವ್ವನ ಕಡೆಯ ಪುಸ್ತಕದಲ್ಲಿ ಕಳ್ಳ ಯಾರೆಂದು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತದಲ್ಲ!

ಸಾಲಿಯ ಗಂಟೆ ಕಳುವಾದ ಕಥೆ ಅದು. ಗಂಟೆಯಿಲ್ಲದ ಸಾಲಿ ಬಿಡುವುದೇ ಇಲ್ಲ, ಮಕ್ಕಳು ಕತ್ತಲಾದರೂ ಕೂತೇ ಇರುತ್ತಾರೆ. ಸಂಶಯ ಬರುವಂಥವರು ನಾಲ್ಕು ಮಂದಿ: ಗಂಟೆ ಬಾರಿಸುವ ಸಿಪಾಯಿ, ಗುಜರಿಯವನು, ಹೊಸ ಹೆಡ್ಮಾಸ್ತರು, ಬಿಸಿಯೂಟದ ಗಂಗವ್ವ. ಅಕ್ಕೋರು ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ಮಡಿಚಿ ಕೂತಿದ್ದರು. ಬರೆದಷ್ಟನ್ನೂ ಓದಿ ಮುಗಿಸಿ ನಾನು ಪೆನ್ನು ಹಿಡಿದೆ.

"ಗಂಟಿ ಕದ್ದವರು ಯಾರ್ರೀ ಅಕ್ಕೋರ?"

"ನನಗೇನ ಗೊತ್ತು?"

ನನ್ನ ಮುಖ ಸಣ್ಣದಾಯಿತು. ಅದನ್ನು ನೋಡಿ ಅವರು ನಕ್ಕರು. "ಏ ಹುಚ್ಚಿ, ಇದು ಮರವು ಅಲ್ಲ. ನನಗ ಯಾವತ್ತೂ ಗೊತ್ತಿರತಿದ್ದಿಲ್ಲ."

ಹಾಗೆ ಹೊರಬಿತ್ತು ಏಳು ಪುಸ್ತಕಗಳ ಗುಟ್ಟು. ಕಡೆಯ ಅಧ್ಯಾಯದ ಹಿಂದಿನವರೆಗೆ ಬರೆದು, ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಅದನ್ನು ಮಕ್ಕಳಿಗೆ ಓದುವುದು. ಕಳ್ಳ ಯಾರಿರಬಹುದು ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುವುದು. ಇಡೀ ಕ್ಲಾಸಿನಲ್ಲಿ ಯಾರ ಹೆಸರನ್ನು ಯಾರೂ ಹೇಳುವುದಿಲ್ಲವೋ ಅವರೇ ಕಳ್ಳರು.

"ಮತ್ತ ಸುಳಿವು?" ನನ್ನ ಧ್ವನಿ ಏರಿತ್ತು. "ಚಪ್ಪಲಿ ಪುಸ್ತಕದಾಗ ಎರಡನೇ ಅಧ್ಯಾಯದಾಗ ಸುಣ್ಣದ ಕಲಿ ಬರತೈತಲ್ರೀ?"

"ಅದನ್ನ ಆಮ್ಯಾಲ ತುಂಬೀನಿ. ರೊಟ್ಟಿಗೆ ಉಪ್ಪು ಮರತರ ಚಟ್ನ್ಯಾಗ ಒಂದೀಟ ಹೆಚ್ಚಿಗಿ ಹಾಕಂಗಿಲ್ಲೇನು?"

"ಇದು ಮೋಸ್ರೀ!"

"ಕೋರ್ಟಿಗೆ ಹೋಗವ್ವಾ ವಕೀಲಬಾಯಿ."

ಹತ್ತು ವರ್ಷ ನಾನು ಯಾವುದನ್ನು ತರ್ಕವೆಂದು ನಂಬಿದ್ದೆನೋ ಅದು ಹಿಂದುಮುಂದಾಗಿ ಹೊಲಿದ ಅಂಗಿ. ನಾನು ಬಿಡಲಿಲ್ಲ. ಸಾಕ್ಷ್ಯ ನೋಡಿ ತೀರ್ಮಾನಕ್ಕೆ ಬರಬೇಕೇ ಹೊರತು ತೀರ್ಮಾನ ಇಟ್ಟುಕೊಂಡು ಸಾಕ್ಷ್ಯ ಹುಟ್ಟಿಸಬಾರದು ಎಂದು ಉದ್ದಕ್ಕೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಹಳೆಯ ಪಾಠದ ಧ್ವನಿಯಲ್ಲಿ ಹೇಳಿದರು: "ಹುಡುಗೂರು ಮೊದ್ಲ ಯಾರ ಹೆಸರು ಹೇಳ್ತಾವು ಗೊತ್ತೈತೇನು? ಗುಜರಿಯಾಂವಂದು. ಕುಂಟಂದು. ಊರಾಗ ಹೊಸದಾಗಿ ಬಂದಾಂವಂದು. ನಮ್ಮಂಥವರದು. ಮನ್ಯಾಗ ಕೇಳಿದ್ದು ಅವು ಹೇಳ್ತಾವು, ಅವುಗಳ ತಪ್ಪಲ್ಲ. ಅವು ಹೆಸರು ಹೇಳಿದವರನ್ನೆಲ್ಲಾ ನಾನು ಬಿಡಿಸಿಬಿಡತಿದ್ದೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತು, ಶಾಹಿದಾ ಚಾಚಿ ಚಹಾ ತಂದಿಟ್ಟರು. ಅವರು ಅಕ್ಕೋರ ಸೊಸೆ. ಸುಳ್ಳದ ಕಲಾಯಿ ಹಾಕುವವರ ಮಗಳು. ಅದೇ ಸಾಲಿಯಲ್ಲಿ ಅಕ್ಕೋರ ಕೈಕೆಳಗೆ ಕಲಿತವರು. ಮನೆಯಲ್ಲಿ ಉಳಿದವರು ಉರ್ದು ಮಾತಾಡಿಕೊಂಡರೂ ಅತ್ತೆ ಸೊಸೆಯ ನಡುವೆ ಮಾತ್ರ ಕನ್ನಡ, ಸಾಲಿಯಲ್ಲಿ ಬಿದ್ದ ರೂಢಿ. ಮದುವೆಯಾಗಿ ಇಷ್ಟು ವರ್ಷವಾಗಿ, ಅವರ ಮಗಳೇ ಹಾಸ್ಟೆಲಿನಲ್ಲಿ ಓದುವಷ್ಟು ದೊಡ್ಡವಳಾಗಿದ್ದರೂ, ಶಾಹಿದಾ ಚಾಚಿ ಅತ್ತೆಯನ್ನು 'ಅಕ್ಕೋರ' ಎಂದೇ ಕರೆಯುತ್ತಿದ್ದರು.

"ನೀವು ಯಾರ ಹೆಸರು ಹೇಳತಿದ್ರಿ ಚಾಚಿ, ಕ್ಲಾಸಿನಾಗ?"

"ನಾ ಹೇಳತಿದ್ದಿಲ್ಲಪಾ. ಎದ್ದು ನಿಂತು ಸುಮ್ನ ಕೂಡತಿದ್ದೆ."

"ಅದಕ್ಕ ನನ್ನ ಮಗಗ ತಗೊಂಡೆ ಆಕಿನ್ನ," ಎಂದರು ಅಕ್ಕೋರು.

ಮಣ್ಣೆತ್ತಿನ ಅಮಾವಾಸ್ಯೆಯ ಸುಮಾರಿಗೆ ಮಳೆ ಜಡಿ ಹಿಡಿಯಿತು. ಓಣಿಯ ಎರಿ ಮಣ್ಣು ಚಪ್ಪಲಿಯನ್ನು ಕಿತ್ತುಕೊಳ್ಳುತ್ತಿತ್ತು. ಗ್ಯಾರೇಜಿನಲ್ಲಿ ಎಂಜಿನ್ನಿಗೆ ನೀರು ಹೊಕ್ಕ ಬೈಕುಗಳು ಸಾಲಾಗಿ ನಿಂತಿದ್ದವು. ನಾನು ದಿನಾ ಸಂಜೆ ಹೋಗಿ ಕೂರುತ್ತಿದ್ದೆ, ಪುಸ್ತಕ ಮುಂದೆ ಹೋಗುತ್ತಿರಲಿಲ್ಲ. ಒಂದು ಸಂಜೆ ಅಕ್ಕೋರ ಚಷ್ಮಾ ಕಳೆಯಿತು. ಮನೆಯೆಲ್ಲ ಜಾಲಾಡಿದೆವು. ಕೊನೆಗೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು.

"ನೀವ ಇಟ್ಟು ಮರತೀರ್ರೀ," ಎಂದೆ.

"ನಾ ಇಟ್ಟಿದ್ದು ನೀ ಕಂಡೀಯೇನು?"

"ಕಂಡಿಲ್ಲ."

"ಮತ್ತ? ಕಂಡಿದ್ದು ಮೊದ್ಲ ಹೇಳು."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮರುದಿನ ಕೈಗಡಿಯಾರ ಹೋಯಿತು, ಆಮೇಲೆ ಎಲೆಯಡಿಕೆ ಡಬ್ಬಿ. ಅಕ್ಕೋರು ಮಂಚದ ಮೇಲೆ ನೆಟ್ಟಗೆ ಕೂತು ತನಿಖೆ ಶುರುಮಾಡಿದರು. ಬಂದವರನ್ನೆಲ್ಲ ಎದುರಿಗೆ ನಿಲ್ಲಿಸಿ ಕೇಳುವುದು: ಯಾರ ಮೇಲೆ ಸಂಶಯ? ರಫೀಕ್ ಚಾಚಾ ಪಾರಾಗಲು ಬೆಕ್ಕು ಎಂದರು. ನಮ್ಮ ಅವ್ವ ಹಾಲು ಕೊಡಲು ಹೋದವಳು ಸಿಕ್ಕಿಬಿದ್ದು, ಪಕ್ಕದ ಮನೆ ಕಟ್ಟುವ ಗೌಂಡಿಗಳು ಇರಬೇಕು ಎಂದಳು. ನಾನು ಯಾರೂ ಕದ್ದಿಲ್ಲ ಎಂದು ಸಕಾರಣವಾಗಿ ವಿವರಿಸಿದೆ.

ಎರಡು ದಿನ ಬಿಟ್ಟು ಅಕ್ಕೋರು ನನ್ನನ್ನು ಹತ್ತಿರ ಕರೆದು, ಕಿವಿಯಲ್ಲಿ, "ಸಿಕ್ಳು" ಎಂದರು.

"ಯಾರ್ರೀ?"

"ಶಾಹಿದಾ."

"ಹೆಂಗಂತೀರಿ?"

"ಎಲ್ಲಾರ್ನೂ ಕೇಳೀನಿ. ಆಕಿ ಹೆಸರು ಒಬ್ಬರರ ಹೇಳಿದ್ರೇನು?"

ನಾನು ಆ ಮಾತನ್ನು ಹಗುರವಾಗಿ ತೆಗೆದುಕೊಂಡೆ. ಇದೊಂದು ತಪ್ಪು ತರ್ಕ, ಸಮಾಧಾನದಿಂದ ಬಿಡಿಸಿ ಹೇಳಿದರೆ ಹೋಗುತ್ತದೆ ಎಂದುಕೊಂಡೆ. ಆ ವಯಸ್ಸಿನಲ್ಲಿ ನನಗೆ ಬಿಡಿಸಿ ಹೇಳಲಾಗದ್ದು ಏನೂ ಇರಲಿಲ್ಲ.

ಹೇಳಿದೆ. ಕತೆ ಬೇರೆ, ಮನೆ ಬೇರೆ ಎಂದೆ. "ಹೌದು, ಮನ್ಯಾಗ ಕಳ್ಳತನ ಖರೇ ಆಗೈತಿ" ಎಂದರು. ಚಾಚಿಗೆ ನಿಮ್ಮ ಚಷ್ಮಾ ಕಟ್ಟಿಕೊಂಡು ಏನಾಗಬೇಕು ಎಂದೆ. "ಅದ ತಿಳಿವಲ್ದು. ಹುಷಾರ್ ಇದ್ದಾಳ" ಎಂದರು. ಕಳೆದ ಸಾಮಾನೆಲ್ಲ ಮನೆಯಲ್ಲೇ ಸಿಕ್ಕಿದೆಯಲ್ಲ ಎಂದೆ. "ಎಲ್ಲಿ ಐತಂತ ಹುಡುಕಿ ಕೊಟ್ಟಾಕಿ ಯಾರು?" ಹುಡುಕಿ ಕೊಟ್ಟವರು ಶಾಹಿದಾ ಚಾಚಿಯೇ. ದಿನವಿಡೀ ಹುಡುಕುವ ಕೆಲಸ ಅವರೊಬ್ಬರದೇ ಆಗಿತ್ತು. ನನ್ನ ಒಂದೊಂದು ಮಾತೂ ಅವರ ಕೈಯಲ್ಲಿ ಇನ್ನೊಂದು ಪುರಾವೆಯಾಗುತ್ತಿತ್ತು. ನಾನು ವಾದದಲ್ಲಿ ಸೋತಿದ್ದೇನೆ, ಅದು ಹೊಸದಲ್ಲ. ಆದರೆ ಎದುರಿನವರು ಒಂದು ಕಡೆಯೂ ಎಡವದೆ, ಒಂದು ಮಾತನ್ನೂ ಮರೆಯದೆ, ಪೂರ್ತಿ ಸುಳ್ಳಾದ ಒಂದು ಕಡೆಗೆ ನನ್ನನ್ನು ಒಯ್ದು ನಿಲ್ಲಿಸಿದ್ದು ಅದೇ ಮೊದಲು. ಬೆಳಿಗ್ಗೆ ಏನು ತಿಂದೆನೆಂದು ನೆನಪಿಲ್ಲದವರಿಗೆ ಶಾಹಿದಾ ಕಳ್ಳಿ ಎಂಬುದು ಮಾತ್ರ ಅಳಿಸುತ್ತಿರಲಿಲ್ಲ.

ರಫೀಕ್ ಚಾಚಾ ಗ್ಯಾರೇಜಿನಿಂದಲೇ ಕೂಗಿದರು: "ಬಿಡವಾ ವಿದ್ಯಾ, ವಾದ ಮಾಡಿದಷ್ಟೂ ಗಟ್ಟಿ ಆಗತೈತಂತ ಡಾಕ್ಟ್ರು ಹೇಳ್ಯಾರ." ನಾನು ಡಾಕ್ಟರನ್ನೂ ನಂಬಲಿಲ್ಲ, ಇನ್ನೂ ಒಂದು ವಾರ ವಾದ ಮಾಡಿದೆ.

ಆಮೇಲೆ ಚೀಲದ ಪ್ರಸಂಗ ನಡೆಯಿತು. ಶಾಹಿದಾ ಚಾಚಿಯ ತಂದೆಗೆ ಮೈಯಲ್ಲಿ ಸರಿಯಿಲ್ಲವೆಂದು ಸುಳ್ಳದಿಂದ ಫೋನು ಬಂದಿತ್ತು. ಬುರ್ಖಾ ತೊಟ್ಟು ಸಣ್ಣ ಚೀಲ ಹಿಡಿದು ಹೊರಟಿದ್ದರು. ಅಕ್ಕೋರು ಗೋಡೆ ಹಿಡಿದುಕೊಂಡು ಸಂದಿಯಲ್ಲಿ ನಡೆದು ಬಂದು, ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತರು.

"ಚೀಲ ತಗಿ."

ಗಿರಾಕಿಗಳು ಮಳೆಗೆ ಒಳಗೆ ನಿಂತಿದ್ದರು. ರಫೀಕ್ ಚಾಚಾ ಸ್ಪ್ಯಾನರು ಹಿಡಿದುಕೊಂಡೇ ಎದ್ದರು. "ಅಮ್ಮಾ, ಒಳಗ ನಡೀ."

"ನೀ ಸುಮ್ನಿರು ರಫೀಕ್ಯಾ. ತಗಿ ಅಂದೆ."

ಶಾಹಿದಾ ಚಾಚಿ ಚೀಲ ಬಿಚ್ಚಿ ಬೈಕಿನ ಸೀಟಿನ ಮೇಲೆ ಒಂದೊಂದಾಗಿ ತೆಗೆದಿಟ್ಟರು. ಒಂದು ಜೊತೆ ಬಟ್ಟೆ, ಟವೆಲ್ಲು, ತಂದೆಗೆಂದು ಕಟ್ಟಿಕೊಂಡ ಮೆತ್ತನೆಯ ಚಪಾತಿ, ಕೆಮ್ಮಿನ ಔಷಧ. ಅಕ್ಕೋರು ಚಪಾತಿಯ ಮಡಿಕೆಯನ್ನೂ ಬಿಡಿಸಿ ನೋಡಿದರು. ಏನೂ ಸಿಗಲಿಲ್ಲ. "ಜಾಣಿ," ಎಂದರು, ಹೆಚ್ಚುಕಡಿಮೆ ಮೆಚ್ಚುಗೆಯಿಂದ. ಗಿರಾಕಿಗಳಲ್ಲಿ ಒಬ್ಬ ನಕ್ಕ. ಯಾಕೆ ನಕ್ಕನೋ, ಏನು ತಿಳಿದುಕೊಂಡನೋ, ಇನ್ನೊಂದು ಓಣಿಗೆ ಹೋಗಿ ಏನು ಹೇಳಿದನೋ. ಕಟ್ಟೆಯ ಮೇಲೆ ನಿಂತ ನನಗೆ ಕಾನೂನಿನ ಕಲಮುಗಳು ನೆನಪಿದ್ದವು, ಅವನ ನಗುವನ್ನು ತಡೆಯುವಂಥ ಕಲಮು ಒಂದೂ ನೆನಪಿಗೆ ಬರಲಿಲ್ಲ.

ಸುಳ್ಳದಿಂದ ವಾಪಸು ಬಂದ ದಿನ ಶಾಹಿದಾ ಚಾಚಿ ನಮ್ಮ ಅಡುಗೆಮನೆಯಲ್ಲಿ ಕೂತರು. ಅವ್ವ ಬಿಸಿ ರೊಟ್ಟಿ ಹಾಕಿದಳು. ಮುರಿದರು, ತಿನ್ನಲಿಲ್ಲ.

"ಅಕ್ಕೋರಿಗೆ ಮರವಿನ ಬ್ಯಾನಿ ಐತಿ, ಅವರು ತಿಳದು ಅನ್ನವಲ್ರು, ಎಲ್ಲಾ ಗೊತ್ತೈತಿ ನನಗ," ಎಂದು ಅವ್ವನಿಗೆ ಹೇಳಿದರು. "ಆದ್ರ ಸಾಲ್ಯಾಗ ನನ್ನ ಕೈ ಹಿಡದು ಅಕ್ಷರ ತಿದ್ದಿಸಿದವರು ಅವರು, ಗಿರಿಜಕ್ಕಾ. ಒಂದ ಸಲ ಅನ್ಲಿ. ಶಾಹಿದಾ ತಗೊಂಡಿಲ್ಲ ಅಂತ. ತಿಳದರ ಅನ್ಲಿ, ತಿಳೀಲಾರದರ ಅನ್ಲಿ. ಆ ಬಾಯಿಲೆ ಒಂದ ಸಲ ಕೇಳಬೇಕು ನಾನು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕಣ್ಣೊರೆಸಿಕೊಳ್ಳುವ ಪೈಕಿ ಅಲ್ಲ, ಯೋಚನೆ ಮಾಡುವ ಪೈಕಿ. ಯೋಚಿಸುತ್ತಿದ್ದಾಗ ದಾರಿ ಕಂಡಿತು. ಎಷ್ಟು ಸರಳ! ಅಕ್ಕೋರ ನಿಯಮವನ್ನು ನಾವು ಮುರಿಯಲಾರೆವು. ಆದರೆ ಆ ನಿಯಮದ ಒಳಗೇ ಬಿಡುಗಡೆಯ ಬಾಗಿಲಿತ್ತು. ಯಾರೂ ಹೆಸರು ಹೇಳದವರು ಕಳ್ಳರಾದರೆ, ಎಲ್ಲರೂ ಹೆಸರು ಹೇಳಿದವರು?

"ನಾವೆಲ್ಲಾ ಕೂಡಿ ಚಾಚಿ ಹೆಸರ ಹೇಳಬೇಕು," ಎಂದೆ.

ಅವ್ವ ನನ್ನ ಮೇಲೆ ಲಟ್ಟಣಿಗೆ ಎತ್ತಿದಳು. ಅವಳಿಗೆ ತಿಳಿಹೇಳುವುದೇ ದೊಡ್ಡ ವಾದವಾಯಿತು. ರಫೀಕ್ ಚಾಚಾ ಒಪ್ಪಲೇ ಇಲ್ಲ. ಒಪ್ಪಿಸಿದವರು ಶಾಹಿದಾ ಚಾಚಿ. "ಅನ್ರಿ. ನನಗೇನೂ ಆಗಂಗಿಲ್ಲ," ಎಂದರು.

ನಾಗರ ಪಂಚಮಿಯ ದಿನ ಅವ್ವ ಉಂಡಿ ಕಟ್ಟಿಕೊಂಡು ಅವರ ಮನೆಗೆ ಬಂದಳು. ಎಳ್ಳುಂಡಿ, ಶೇಂಗಾದುಂಡಿ, ಅಕ್ಕೋರಿಗೆಂದು ಮೆತ್ತಗಿನ ರವೆಯುಂಡಿ. ಹೊರಗೆ ಮಳೆ ಒಂದಿಷ್ಟು ಬಿಡುವು ಕೊಟ್ಟಿತ್ತು. ಅಕ್ಕೋರು ಆವತ್ತೂ ಕೇಳಿದರು. ಅವರ ಬೆಳ್ಳಿ ಸುಣ್ಣದ ಡಬ್ಬಿ ಕಾಣೆಯಾಗಿತ್ತು.

"ಯಾರ ಮ್ಯಾಲ ಸಂಶೇ? ಒಬ್ಬೊಬ್ಬರ ಹೇಳ್ರಿ."

ಶಾಹಿದಾ ಚಾಚಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಮೊದಲು ನಾನು ಹೇಳಿದೆ, ವೇದಿಕೆಯ ಮೇಲಿನ ಧ್ವನಿಯಲ್ಲಿ: "ಶಾಹಿದಾ ಚಾಚಿ." ಅಕ್ಕೋರ ಹುಬ್ಬು ಮೇಲೇರಿತು. ರಫೀಕ್ ಚಾಚಾ ತಮ್ಮ ಕಪ್ಪು ಉಗುರುಗಳನ್ನು ನೋಡಿಕೊಳ್ಳುತ್ತ, "ಆಕಿನ ಇರಬೇಕಮ್ಮಾ," ಎಂದರು. ಅವ್ವನ ಸರದಿ.

"ಗಿರಿಜವ್ವಾ, ನೀ ಹೇಳು."

ಅವ್ವ ಉಂಡಿಯ ತಾಟನ್ನು ಎದೆಗೆ ಒತ್ತಿ ಹಿಡಿದಳು. "ಶಾಹಿದಾನ್ರೀ..." ಎಂದವಳೇ ತಡೆಯದೆ, "ನನ್ನ ನಾಲಿಗಿ ಬಿದ್ದು ಹೋಗ್ಲಿ!" ಎಂದು ಅತ್ತುಬಿಟ್ಟಳು. ಎಲ್ಲ ಕೆಟ್ಟಿತು ಎಂದುಕೊಂಡೆ.

ಅಕ್ಕೋರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರ ಕಣ್ಣಲ್ಲಿ ನನಗೆ ಗೊತ್ತಿದ್ದ ಹಳೆಯ ಬೆಳಕು ಹತ್ತಿಕೊಂಡಿತು.

"ಅಲಾ ಇವ್ರ! ಎಲ್ಲಾರೂ ಕೂಡಿ ಒಂದು ಹುಡುಗಿ ಮ್ಯಾಲ ಬಿದ್ದೀರಲ್ಲಾ, ನಾಚಿಕಿ ಬರಂಗಿಲ್ಲ? ಕಂಡೀರೇನು? ಯಾರು ಕಂಡೀರಿ? ಬಾ ಇಲ್ಲೆ ಶಾಹಿದಾ." ಅವರು ಸೊಸೆಯ ಮುಂಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಈಕಿ ತಗೊಂಡಿಲ್ಲ. ನಾ ಹೇಳತೇನಿ. ನಾ ಕಲಿಸಿದ ಹುಡುಗಿ ಈಕಿ."

ಶಾಹಿದಾ ಚಾಚಿ ಅತ್ತೆಯ ಭುಜಕ್ಕೆ ಹಣೆಯಿಟ್ಟರು. ಅಕ್ಕೋರು ಒಂದು ರವೆಯುಂಡಿ ಮುರಿದು ಅವರ ಬಾಯಿಗೆ ಹಾಕಿ, ನಮ್ಮೆಡೆಗೆ ತಿರುಗಿ, "ನಿಮಗಿಲ್ಲ" ಎಂದರು. ಅಳುತ್ತಿದ್ದ ಅವ್ವ ನಕ್ಕಳು. ನಾನು ಗೆದ್ದಿದ್ದೆ. ಆ ಸಂಜೆ ಮನೆಗೆ ನಡೆದು ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದರೆ ಅಕ್ಕೋರು ಕಿವಿಯಲ್ಲಿ ಹೇಳಿದರು: "ಸಿಕ್ಳು. ಶಾಹಿದಾ."

ಮತ್ತೆ ನಾವೆಲ್ಲ ಸೇರಿ ಹೆಸರು ಹೇಳಿದೆವು. ಮತ್ತೆ ಅಕ್ಕೋರು ಸಿಡಿಮಿಡಿಗೊಂಡು ಸೊಸೆಯನ್ನು ಬಿಡಿಸಿಕೊಂಡರು. ಬೆಳಗಾದರೆ ಮತ್ತೆ ಅದೇ. ನನ್ನ ಉಪಾಯ ಕೆಲಸ ಮಾಡುತ್ತಿತ್ತು, ಅದೇ ತೊಂದರೆಯಾಯಿತು. ಒಂದು ಸಂಜೆಯಷ್ಟು ಹೊತ್ತು ಶಾಹಿದಾ ಚಾಚಿ ಕಳ್ಳಿಯಲ್ಲ ಎನಿಸಿಕೊಳ್ಳಲು, ಅವರನ್ನು ಪ್ರೀತಿಸುವವರೆಲ್ಲ ಅವರ ಎದುರು ನಿಂತು ಕಳ್ಳಿ ಎನ್ನಬೇಕಿತ್ತು. ಅಷ್ಟು ಮಾಡಿದರೂ ಅದು ಬೆಳಗಿನ ಚಹಾದವರೆಗೆ ಬಾಳುತ್ತಿರಲಿಲ್ಲ.

ಅವ್ವ ಮೊದಲು ಬಿಟ್ಟಳು. ಶ್ರಾವಣ ಸೋಮವಾರ ಬಾಯಲ್ಲಿ ಸುಳ್ಳು ಬೇಡ ಎಂದಳು. ಆಮೇಲೆ ರಫೀಕ್ ಚಾಚಾ. ಒಂದು ಮಧ್ಯಾಹ್ನ ಸಂದಿಯಲ್ಲಿ ಗಂಡಹೆಂಡಿರ ಮಾತು ಕೇಳಿಸಿತು. ಸಿಟ್ಟಿನಲ್ಲಿ ಅವರೂ ಕನ್ನಡಕ್ಕೇ ಬಂದಿದ್ದರು.

"ನನ್ನ ಹೇಣತಿನ್ನ ದಿನಾ ಕಳ್ಳಿ ಅನ್ನಾಕ ನನಗ ಬಾಯಿಲ್ಲ. ಸಾಕು."

"ಅನ್ರೀ ಒಂದೀಟು. ನಿಮಗೇನ ಹೋಗೂದೈತಿ?"

"ಅಂದಂದು ಒಂದಿನ ಖರೇ ಅನಸಾಕತ್ರ?"

 ಅವತ್ತು ಸಂಜೆ ಚಾಚಿ ನಮ್ಮ ಬಾಗಿಲಿಗೆ ಬಂದು ನಿಂತರು. "ವಿದ್ಯಾ, ನೀ ಒಬ್ಬಾಕಿರ ಬಂದು ಅಂದು ಹೋಗವಾ." ಹೋದೆ. ಹೇಳಿದೆ. ನಾನೊಬ್ಬಳೇ ಹೇಳಿದ್ದಕ್ಕೋ ಏನೋ, ಅಕ್ಕೋರು "ಇರಬಹುದು" ಎಂದರು. ಆಮೇಲೂ ಚಾಚಿ ಕರೆಯಲು ಬರುತ್ತಿದ್ದರು. ಆಮೇಲೂ ನಾನು ಹೋಗುತ್ತಿದ್ದೆ.

ಗಣಪತಿ ಕಳುಹಿಸಿದ ಮೇಲೆ ಮಳೆ ಹಿಂದೆ ಸರಿಯಿತು. ಓಣಿಯ ಮಣ್ಣು ಬಿರಿಯಲು ಶುರುವಾಯಿತು. ಅಕ್ಕೋರು ಏನನ್ನೂ ಹುಡುಕುವುದನ್ನು ಬಿಟ್ಟರು. ಚಷ್ಮಾ ಇಲ್ಲದಿದ್ದರೆ ಇಲ್ಲ. ಒಂದು ದಿನ ಗಂಟೆಯ ಕಥೆಯನ್ನು ಪೂರ್ತಿ ಓದಿ, "ಯಾರ್ರೀ ಕದ್ದವರು?" ಎಂದು ಕೇಳಿದೆ. "ಯಾವ ಗಂಟಿ?" ಎಂದರು. ಆಮೇಲೆ ಬಹಳ ಮರ್ಯಾದೆಯಿಂದ, "ನೀ ಯಾರ ಮಗಳವ್ವಾ?" ಎಂದು ವಿಚಾರಿಸಿದರು. ಪ್ರಕಾಶಕರು, ಕಡೆಯ ಅಧ್ಯಾಯವನ್ನು ನೀವೇ ಬರೆದುಬಿಡಿ ಎಂದು ನನಗೆ ಫೋನು ಮಾಡಿದರು. ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ್ದಕ್ಕೆ, ಯಾವ ಪ್ರಶ್ನೆಗೂ ಒಂದು ಕಾರಣವನ್ನಾದರೂ ಕೊಡುತ್ತಿದ್ದ ನಾನು, ಆಗುವುದಿಲ್ಲ ಎಂದೇ ಮತ್ತೊಮ್ಮೆ ಹೇಳಿದೆ. ಅವರು ಹಳೆಯ ಏಳನ್ನೇ ಹೊಸ ಚಿತ್ರಗಳೊಂದಿಗೆ ಮತ್ತೆ ಅಚ್ಚು ಹಾಕಿಸಿದರು.

ಮನೆ ಶಾಂತವಾಯಿತು. ಸುಧಾರಿಸಿದ್ದಾರೆ ಎಂದು ಅವ್ವ ಹೇಳಿದಳು, ಓಣಿಯೂ ಹೇಳಿತು. ರಫೀಕ್ ಚಾಚಾ ಸ್ಪ್ಯಾನರು ತಿರುಗಿಸುತ್ತ ಹಾಡು ಗುನುಗುವುದನ್ನು ನಾನೇ ಕೇಳಿದೆ.

ಒಂದು ಮಧ್ಯಾಹ್ನ ಪುಸ್ತಕಗಳನ್ನು ವಾಪಸು ಕೊಡಲು ಹೋಗಿದ್ದೆ. ಅಷ್ಟರಲ್ಲಿ ಅಕ್ಕೋರ ಕೈಯಲ್ಲಿ ಉಳಿದಿದ್ದು ತಸ್ಬಿ ಒಂದೇ. ಹೆಸರುಗಳು ಹೋಗಿದ್ದರೂ ಜಪದ ಮಣಿ ಸರಿಸುವುದು ಬೆರಳಿಗೆ ಗೊತ್ತಿತ್ತು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಶಾಹಿದಾ ಚಾಚಿ ಮಂಚದ ಪಕ್ಕ ಬಗ್ಗಿ, ಅವರ ಬೆರಳ ಸಂದಿನಿಂದ ತಸ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ಮೂಲೆಯಲ್ಲಿ ಮಡಿಚಿಟ್ಟಿದ್ದ ಕೌದಿಗಳ ನಡುವೆ ಅದನ್ನು ಸೇರಿಸಿದರು. ತಿರುಗಿದಾಗ ಬಾಗಿಲಲ್ಲಿ ನಾನು.

ಇಡೀ ಮಳೆಗಾಲದಲ್ಲಿ ನಾನು ಕಣ್ಣಾರೆ ಕಂಡ ಕಳ್ಳತನ ಅದೊಂದೇ.

"ಹುಡುಕ್ತಾರೇನೋ ನೋಡೂನು ಅಂತ," ಎಂದರು ಚಾಚಿ, ಕೆಳದನಿಯಲ್ಲಿ. "ಕಳ್ಳಿ ಅಂದ್ರೂ ನನ್ನ ಹೆಸರರ ತಗೋತಿದ್ರು ಆವಾಗ."

ನಾನು ಪುಸ್ತಕಗಳನ್ನು ಕೆಳಗಿಟ್ಟು ಕೂತೆ. ಅವರೂ ಕೂತರು. ಗ್ಯಾರೇಜಿನಲ್ಲಿ ಯಾರದೋ ಬೈಕು ಚಾಲೂ ಆಗಲು ಒದ್ದಾಡುತ್ತಿತ್ತು. ಅಕ್ಕೋರು ಕಣ್ಣು ಬಿಟ್ಟರು. ಬೆರಳುಗಳು ತೊಡೆಯ ಮೇಲೆ, ಇಲ್ಲದ ಮಣಿಗಳನ್ನು ಅದೇ ಬಗೆಯಲ್ಲಿ ಸರಿಸುತ್ತಿದ್ದವು. ಕೆಳಗೆ ನೋಡಲೂ ಇಲ್ಲ.

ಚಾಚಿ ತಡೆಯಲಾರದೆ ಕೇಳಿದರು. "ಅಕ್ಕೋರ, ತಸ್ಬಿ ಎಲ್ಲೈತ್ರೀ ನಿಮ್ದು?"

ಅಕ್ಕೋರು ಮುಗುಳ್ನಕ್ಕರು.

"ಯಾರು ತಗೊಂಡಿರಬೇಕ್ರೀ? ಹೇಳ್ರಿ. ಯಾರ ಮ್ಯಾಲ ಸಂಶೇ?"

"ಸಂಶೇ ಎದಕ್ಕವ್ವಾ," ಎಂದರು ಅಕ್ಕೋರು, ಮನೆಗೆ ಬಂದ ಬೀಗಿತ್ತಿಯನ್ನು ಮಾತಾಡಿಸುವಂತೆ. "ಕೂಡು. ಚಾ ಕುಡೀತೀಯೇನು?"

ಶಾಹಿದಾ ಚಾಚಿ ಎದ್ದು ಕೌದಿಗಳ ನಡುವಿನಿಂದ ತಸ್ಬಿ ತೆಗೆದು ತಂದರು. ಅದನ್ನು ಅತ್ತೆಯ ಮುಂದೆ ಹಿಡಿದು, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಿದರು: "ನಾನ ತಗೊಂಡಿದ್ದೆರಿ. ಶಾಹಿದಾ."

ಅಕ್ಕೋರು ಮಣಿಗಳನ್ನು ನೋಡಿದರು. ಸೊಸೆಯ ಮುಖ ನೋಡಿದರು. ಆಮೇಲೆ ಅವರ ಅಂಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ತಸ್ಬಿಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಿಚಿ ಮುಚ್ಚಿದರು.

"ಬೇಕಾಗಿತ್ತೇನು? ಇಟ್ಕೋ ಹಂಗಾರ," ಎಂದರು. "ಯಾರೂ ಏನೂ ಅನ್ನಂಗಿಲ್ಲ."